ಮನೆಯೊಳಗಿನ ತಾಪಮಾನ ಎಷ್ಟಿರಬೇಕು?

ಎಸಿಯ ರಿಮೋಟ್‌ನಲ್ಲಿ ಕಾಣುವ ಅಂಕಿ ಯಂತ್ರಕ್ಕೆ ನಾವು ಕೊಟ್ಟ ಸೂಚನೆಯೇ ಹೊರತು ಕೋಣೆಯ ನಿಜವಾದ ತಾಪಮಾನವಲ್ಲ. ಆದ್ದರಿಂದ ಮೊದಲು ಒಂದು ಸಾಧಾರಣ ಥರ್ಮಾಮೀಟರನ್ನು, ಸಾಧ್ಯವಾದರೆ ತೇವಾಂಶವನ್ನೂ ತೋರಿಸುವಂಥದ್ದನ್ನು, ಬಿಸಿಲು ಬೀಳದ ಒಳಗೋಡೆಯ ಮೇಲೆ, ಒಲೆ, ಟಿವಿ, ಫ್ರಿಜ್‌ಗಳಿಂದ ದೂರದಲ್ಲಿ, ಕುಳಿತವರ ತಲೆಯ ಎತ್ತರಕ್ಕೆ ತೂಗುಹಾಕಿ, ಬೆಳಗಿನ ಜಾವ, ನಡುಮಧ್ಯಾಹ್ನ ಮತ್ತು ಮಲಗುವ ಹೊತ್ತಿನ ಅಂಕಿಗಳನ್ನು ಕೆಲವು ದಿನ ಬರೆದಿಟ್ಟುಕೊಳ್ಳಬೇಕು.

ಚಳಿ ಪ್ರದೇಶದ ಮನೆಗಳಲ್ಲಿ ತಾಪಮಾನ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದು ಕನಿಷ್ಠ ಮಿತಿಯೇ ವಿನಾ ಎಲ್ಲರಿಗೂ ಹಿತವಾದ ಮಟ್ಟವಲ್ಲ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುವುದರಿಂದ, ವೃದ್ಧರು ಅಥವಾ ಹೃದಯ, ಶ್ವಾಸಕೋಶದ ಕಾಯಿಲೆಯುಳ್ಳವರು ಇರುವ ಕೋಣೆಯನ್ನು ಇನ್ನೂ ಒಂದೆರಡು ಡಿಗ್ರಿ ಬೆಚ್ಚಗಿಡುವುದು ಒಳ್ಳೆಯದು. ವಯಸ್ಸಾದಂತೆ ಚಳಿ, ಸೆಕೆಗಳ ಅರಿವೇ ಮಂದವಾಗುತ್ತದೆ. ಹೀಗಾಗಿ ಅವರು “ನನಗೇನೂ ಆಗುತ್ತಿಲ್ಲ” ಎಂದರೂ ಥರ್ಮಾಮೀಟರನ್ನೇ ನಂಬಬೇಕು.

ಬೇಸಿಗೆಯಲ್ಲಿ ಲೆಕ್ಕ ಬದಲಾಗುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬೆವರು ಆರದು. ಆಗ 28 ಡಿಗ್ರಿಯೂ ಅಸಹನೀಯ ಎನಿಸುತ್ತದೆ. ಅದೇ 28 ಡಿಗ್ರಿಯಲ್ಲಿ, ಗಾಳಿ ಒಣಗಿದ್ದು ಫ್ಯಾನ್ ತಿರುಗುತ್ತಿದ್ದರೆ, ಹಾಯಾಗಿ ಕೂರಬಹುದು. ತೇವಾಂಶ ಸುಮಾರು ಶೇ. 40ರಿಂದ 60ರ ನಡುವೆ ಇದ್ದರೆ ಉತ್ತಮ; ಬಹುಕಾಲ ಅದಕ್ಕೂ ಮೇಲಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಎಸಿಯನ್ನು ಫ್ಯಾನ್ ಜೊತೆಗೆ 26 ಅಥವಾ 27ಕ್ಕೆ ಇಟ್ಟು ಆರಂಭಿಸಿ, ಅರ್ಧ ಗಂಟೆ ಕಾದು, ಬೇಕೆನಿಸಿದರೆ ಮಾತ್ರ ಒಂದು ಡಿಗ್ರಿ ಇಳಿಸಬೇಕು. ಬೇಗ ತಣ್ಣಗಾಗಲೆಂದು 16ಕ್ಕೆ ಇಳಿಸುವ ಅಭ್ಯಾಸದಿಂದ ಸಾಮಾನ್ಯವಾಗಿ ವಿದ್ಯುತ್ ಬಿಲ್ ಏರುತ್ತದೆ, ಅಷ್ಟೆ. ಆದರೆ ಕೋಣೆಯ ತಾಪಮಾನವೇ 40 ದಾಟಿದಾಗ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬಡಿಯುವುದರಿಂದ ಅದನ್ನು ನೆಚ್ಚಿಕೊಳ್ಳಬಾರದು.

ಅಂಕಿ ಸರಿಯಿದ್ದರೂ ಕುಳಿತ ಜಾಗದಲ್ಲಿ ಚಳಿಯೋ ಸೆಕೆಯೋ ಆಗುತ್ತಿದ್ದರೆ ಗೋಡೆ, ಕಿಟಕಿಯ ಗಾಜನ್ನು ಮುಟ್ಟಿ ನೋಡಬೇಕು. ಪಡುವಣ ಬಿಸಿಲಿಗೆ ಕಾದ ಗೋಡೆ ಸಂಜೆಯ ನಂತರವೂ ಶಾಖ ಹೊಮ್ಮಿಸುತ್ತದೆ. ಅಂಥಲ್ಲಿ ಎಸಿಯನ್ನು ಇಳಿಸುವುದಕ್ಕಿಂತ ಮಂಚವನ್ನು ಸರಿಸುವುದು, ಹಗಲಿನಲ್ಲಿ ಹೊರಗಿನಿಂದಲೇ ನೆರಳು ಮಾಡುವುದು ಹೆಚ್ಚು ಫಲಕಾರಿ.

ನಿದ್ದೆಯಲ್ಲಿ ದೇಹದ ಉಷ್ಣತೆ ಸಹಜವಾಗಿ ತುಸು ಇಳಿಯುವುದರಿಂದ ಮಲಗುವ ಕೋಣೆ ಉಳಿದವುಗಳಿಗಿಂತ ಕೊಂಚ ತಂಪಾಗಿದ್ದರೆ ಚೆನ್ನ. ಹಸುಗೂಸುಗಳ ಅಂಗೈ, ಅಂಗಾಲುಗಳು ತಣ್ಣಗಿರುವುದು ಸಾಮಾನ್ಯ; ಅದನ್ನು ನೋಡಿ ಹೊದಿಕೆಯ ಮೇಲೆ ಹೊದಿಕೆ ಹೇರದೆ, ಎದೆ ಅಥವಾ ಕತ್ತಿನ ಹಿಂಭಾಗವನ್ನು ಮುಟ್ಟಿ, ಬೆವರಿದ್ದರೆ ಒಂದು ಪದರ ಬಟ್ಟೆ ತೆಗೆಯಬೇಕು.