ರೆಸ್ಪಾಂಡ್ ಅನುದಾನದಲ್ಲಿ ಇನ್ಸಾಟ್ ಡೇಟಾ ಸಂಸ್ಕರಣೆ: ಬಜೆಟ್‌ನಿಂದ ಹಣ ಬಳಕೆ ಪ್ರಮಾಣಪತ್ರದವರೆಗೆ

ಉಪಗ್ರಹದ ವಾತಾವರಣ ಡೇಟಾ ಹಿಡಿದು ಕೂರುವ ವಿಶ್ವವಿದ್ಯಾಲಯದ ವಿಭಾಗಗಳಿಗೆ ಇಸ್ರೋದ ರೆಸ್ಪಾಂಡ್ ಯೋಜನೆ 1970ರ ದಶಕದಿಂದಲೂ ಹಣ ಕೊಡುತ್ತ ಬಂದಿದೆ. ಪ್ರಸ್ತಾವ ಬರೆಯುವುದನ್ನು ಕಲಿಸುವ ಕಾರ್ಯಾಗಾರಗಳಿಗೆ ಬರವಿಲ್ಲ. ಮಂಜೂರಾತಿ ಆದೇಶ ಕೈಗೆ ಬಂದ ಮೇಲಿನ ಕೆಲಸದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಮ್ಮದು ಇನ್ಸಾಟ್-3ಡಿ ಮತ್ತು 3ಡಿಆರ್ ಎಂಬ ಇಸ್ರೋ ಹವಾಮಾನ ಉಪಗ್ರಹಗಳ ಚಿತ್ರಗಳಿಂದ ಪಶ್ಚಿಮ ಘಟ್ಟದ ಮುಂಗಾರು ಮಳೆಯನ್ನು ಅಂದಾಜು ಮಾಡುವ ಕೆಲಸ. ಅದನ್ನು ಮಾಡುವ ಕ್ರಮ ಇಲ್ಲಿದೆ.

ಪ್ರಸ್ತಾವದ ಬಗ್ಗೆ ಎರಡೇ ಮಾತು. ಇಸ್ರೋ ಕೇಂದ್ರಗಳು ತಮಗೆ ಬೇಕಾದ ವಿಷಯಗಳನ್ನು ರೆಸ್ಪಾಂಡ್ ಬಾಸ್ಕೆಟ್ ಎಂಬ ಪಟ್ಟಿಯಲ್ಲಿ ಹೊರತರುತ್ತವೆ. ನಿಮ್ಮ ವಿಷಯ ಅದರಲ್ಲಿದ್ದರೆ ಅಲ್ಲಿಯ ಪದಗಳನ್ನೇ ಶೀರ್ಷಿಕೆಯಲ್ಲಿ ಬಳಸಿ. ಆ ವಿಷಯ ನೋಡಿಕೊಳ್ಳುವ ಕೇಂದ್ರದ ವಿಜ್ಞಾನಿಯ ಜೊತೆ ಮೊದಲೇ ಮಾತಾಡಿ, ಕೊನೆಗೆ ಅವರಿಗೆ ಬೇಕಾಗಿರುವುದು ಪ್ರೋಗ್ರಾಮೋ, ಡೇಟಾ ಸೆಟ್ಟೋ, ಬರೀ ವರದಿಯೋ ಎಂದು ತಿಳಿದುಕೊಳ್ಳಿ. ಬಜೆಟ್ ನಿಂತಿರುವುದು ಆ ಉತ್ತರದ ಮೇಲೆ.

ಬಜೆಟ್ಟನ್ನು ರೂಪಾಯಿಯಿಂದಲ್ಲ, ಬೈಟ್‌ನಿಂದ ಶುರು ಮಾಡಬೇಕು. ಇನ್ಸಾಟ್-3ಡಿಯಲ್ಲಿ ಚಿತ್ರ ತೆಗೆಯುವ ಉಪಕರಣವಾದ ಇಮೇಜರ್‌ನ 4 ಕಿ.ಮೀ. ವಿವರದ ಅವಕೆಂಪು (ಇನ್‌ಫ್ರಾರೆಡ್) ಚಾನೆಲ್‌ನ ಪೂರ್ಣ ಚಿತ್ರ 2816 × 2805 ಪಿಕ್ಸೆಲ್. ಪಿಕ್ಸೆಲ್‌ಗೆ 2 ಬೈಟ್ ಹಿಡಿದರೆ ಸುಮಾರು 16 ಎಂಬಿ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಚಿತ್ರ. ವರ್ಷಕ್ಕೆ ಒಂದು ಚಾನೆಲ್ಲೇ 277 ಜಿಬಿ. ಪೈಥಾನ್‌ನಲ್ಲಿ ತಾಪಮಾನಕ್ಕೆ ಪರಿವರ್ತಿಸಿ 4 ಬೈಟ್‌ನ ದಶಮಾಂಶ ಸಂಖ್ಯೆಯಾಗಿ ಉಳಿಸಿದರೆ ಅದರ ಎರಡರಷ್ಟು. ಡೇಟಾ ಬರುವುದು ಎಚ್‌ಡಿಎಫ್5 ಎಂಬ ನಮೂನೆಯಲ್ಲಿ; ಅದರ ಒಂದೇ ಫೈಲಿನೊಳಗೆ 1 ಕಿ.ಮೀ. ವಿವರದ ದೃಶ್ಯ ಬೆಳಕಿನ ಮತ್ತು ಕಿರುತರಂಗ ಅವಕೆಂಪಿನ ಚಾನೆಲ್‌ಗಳೂ ಇರುತ್ತವೆ. ಪಿಕ್ಸೆಲ್ ಲೆಕ್ಕದಲ್ಲಿ ಅವು ಒಂದೊಂದೂ ಹದಿನಾರು ಪಟ್ಟು ಭಾರ. ಬೇಡವೆಂದರೂ ಫೈಲಿನ ಜೊತೆ ಇಳಿಯುತ್ತವೆ.

ಆದ್ದರಿಂದ ಒಂದು ದಿನದ ಡೇಟಾ ಇಳಿಸು, ಬೇಕಾದ ಚೌಕ ಕತ್ತರಿಸು, ತಾಳೆ ನೋಡು, ಮೂಲ ಫೈಲು ಅಳಿಸು, ಆಮೇಲೆ ಮುಂದಿನ ದಿನ. ಮುಂಗಾರಿನ ಮೋಡ ಬರುವುದು ಕಡಲಿನಿಂದ. ಹಾಗಾಗಿ ಕರ್ನಾಟಕವಷ್ಟನ್ನೇ ಕತ್ತರಿಸಿದರೆ ಸಾಲದು, ಅರಬ್ಬೀ ಸಮುದ್ರದ ಒಂದಷ್ಟು ಭಾಗವೂ ಬೇಕು. ನಾವು ಇಟ್ಟುಕೊಳ್ಳುವುದು ಉತ್ತರ ಅಕ್ಷಾಂಶ 8ರಿಂದ 22, ಪೂರ್ವ ರೇಖಾಂಶ 66ರಿಂದ 82. ಇದು 0.04 ಡಿಗ್ರಿ ಜಾಲರಿಯಲ್ಲಿ 350 × 400 ಪಿಕ್ಸೆಲ್. 277 ಜಿಬಿ ಇದ್ದದ್ದು 5 ಜಿಬಿಗೆ ಇಳಿಯುತ್ತದೆ. ಪರೀಕ್ಷೆಗೆಂದು ಒಂದು ವರ್ಷದ ಜೂನ್–ಸೆಪ್ಟೆಂಬರ್ ಮೂಲ ಫೈಲುಗಳನ್ನು ಮಾತ್ರ ಹಾಗೇ ಇಡಿ. ಉಳಿದದ್ದನ್ನು ಇಸ್ರೋದ ಉಪಗ್ರಹ ಡೇಟಾ ಭಂಡಾರವಾದ ಮೊಸ್ಡಾಕ್‌ನಿಂದ ಮತ್ತೆ ತರಿಸಬಹುದು. ಹೀಗೆ ಲೆಕ್ಕ ಹಾಕಿದ ಮೇಲೆ 8 ಟಿಬಿಯ ನಾಲ್ಕು ಡಿಸ್ಕ್ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ರೇಡ್-5 ಜೋಡಣೆಯಲ್ಲಿ ಬಳಕೆಗೆ ಸಿಗುವುದು 24 ಟಿಬಿ), 64 ಜಿಬಿ ರ‍್ಯಾಮ್, ಒಳ್ಳೆಯ ಯುಪಿಎಸ್ ಇದ್ದರೆ ಧಾರಾಳ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ ಡಿಸ್ಕ್‌ಗೆ ಜಿಪುಣತನ ಮಾಡಿದ ಬಜೆಟ್‌ಗಳೇ ಹೆಚ್ಚು ಕಾಣಸಿಗುತ್ತವೆ. ಈ ಕೆಲಸದಲ್ಲಿ ಸಮಯ ತಿನ್ನುವುದು ಲೆಕ್ಕಾಚಾರವಲ್ಲ, ಫೈಲು ತೆರೆಯುವುದು ಮುಚ್ಚುವುದು.

ಯಂತ್ರದ ವಾರಂಟಿಯನ್ನು ಯೋಜನೆಯ ಮೂರೂ ವರ್ಷಕ್ಕೆ ಖರೀದಿ ಬೆಲೆಯಲ್ಲೇ ಸೇರಿಸಿ. ಮೂರನೇ ವರ್ಷ ಡಿಸ್ಕ್ ಕೈಕೊಟ್ಟಾಗ ನಿರ್ವಹಣೆಗೆಂದು ಬೇರೆ ಹೆಡ್ (ಬಜೆಟ್‌ನ ಖರ್ಚಿನ ಬಾಬ್ತು) ಇರುವುದಿಲ್ಲ. ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000, ಮೂರನೇ ವರ್ಷ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದಾಗ 42,000. ಮೂರು ವರ್ಷಕ್ಕೆ 13.92 ಲಕ್ಷ ರೂಪಾಯಿ ಇದಕ್ಕೇ ಆಯಿತು. ಮನೆ ಬಾಡಿಗೆ ಭತ್ಯೆ ಊರಿನ ದರ್ಜೆಯಂತೆ ಬೇರೆ.

ಅನುದಾನವೋ ಒಪ್ಪಂದವೋ ಎಂಬುದನ್ನು ಸಹಿಗೆ ಮುಂಚೆಯೇ ಹಣಕಾಸು ಅಧಿಕಾರಿಯ ಜೊತೆ ಕೂತು ಇತ್ಯರ್ಥ ಮಾಡಿಕೊಳ್ಳಬೇಕು. ಇಂತಿಷ್ಟು ಕೆಲಸ ಒಪ್ಪಿಸಿದರೆ ಇಂತಿಷ್ಟು ಹಣ ಎಂದು ಪತ್ರದಲ್ಲಿದ್ದರೆ ಕಚೇರಿಯವರು ಅದನ್ನು ಸಲಹಾ ಸೇವೆಯ ಕಡತಕ್ಕೆ ಸೇರಿಸುತ್ತಾರೆ, 18% ಜಿಎಸ್‌ಟಿ ಪ್ರಶ್ನೆ ಏಳುತ್ತದೆ. ಕಾನೂನಿನ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಅನುದಾನದಿಂದ ನಡೆಸುವ ಸಂಶೋಧನಾ ಸೇವೆಗೆ ಜಿಎಸ್‌ಟಿ ಮಂಡಳಿ 2024ರ ಸೆಪ್ಟೆಂಬರ್ ಸಭೆಯಲ್ಲಿ ವಿನಾಯಿತಿ ಒಪ್ಪಿತು. ಹಾಗಾಗಿ ಮಂಜೂರಾತಿ ಪತ್ರದಲ್ಲಿ ‘ಸಹಾಯಾನುದಾನ’ ಎಂಬ ಪದ ಸ್ಪಷ್ಟವಾಗಿರುವುದು ಒಳ್ಳೆಯದು.

ಇನ್ನು ಹಣದ ಪಂಚಾಂಗ. ಕಂತು ಬಂದದ್ದು ನವೆಂಬರ್‌ನಲ್ಲಾದರೂ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೇ. ಜೆಆರ್‌ಎಫ್ ಜಾಹೀರಾತು, ಸಂದರ್ಶನ, ಸಿಂಡಿಕೇಟ್ ಒಪ್ಪಿಗೆ ಎಲ್ಲ ಮುಗಿಯುವ ಹೊತ್ತಿಗೆ ಆ ವರ್ಷವೇ ಕಳೆದಿರುತ್ತದೆ. ಫೆಲೋಶಿಪ್ ಹೆಡ್‌ನಲ್ಲಿ ಉಳಿದ ಹಣದಿಂದ ಡಿಸ್ಕ್ ಕೊಳ್ಳುವಂತಿಲ್ಲ, ಹೆಡ್ ಬದಲಾವಣೆಗೆ ಲಿಖಿತ ಅನುಮತಿ ಬೇಕು. ಅದಕ್ಕೆ ಮೊದಲ ವರ್ಷ ಉಪಕರಣ ಖರೀದಿಯೇ ಮುಖ್ಯವಾಗಿರಲಿ. ಸರ್ಕಾರಿ ಖರೀದಿ ಜಾಲತಾಣ ಜೆಮ್‌ಗೆ ಹಾಕಬೇಕಾದ ತಾಂತ್ರಿಕ ವಿವರ ಹಣ ಬರುವ ಮೊದಲೇ ಸಿದ್ಧವಿರಲಿ, ನೇಮಕಾತಿ ಜಾಹೀರಾತು ಮಂಜೂರಾತಿ ಬಂದ ವಾರವೇ ಹೊರಡಲಿ.

ಮುಂದಿನ ಕಂತಿಗೆ ಮೂರು ಕಾಗದ ಬೇಕು: ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಹಣ ಬಳಕೆ ಪ್ರಮಾಣಪತ್ರ, ಅಂದರೆ ಯು.ಸಿ.; ಹೆಡ್‌ವಾರು ಖರ್ಚಿನ ಪಟ್ಟಿ; ವಾರ್ಷಿಕ ಪ್ರಗತಿ ವರದಿ. ಯು.ಸಿ. ವಾಪಸ್ ಬರಲು ಸಾಮಾನ್ಯವಾಗಿ ಎರಡು ಕಾರಣ. ಖರೀದಿ ಆದೇಶ ಕೊಟ್ಟು ಬಿಲ್ ಪಾವತಿಯಾಗದ ಮೊತ್ತವನ್ನೂ ಖರ್ಚೆಂದು ಬರೆದಿರುತ್ತಾರೆ, ಅದು ಖರ್ಚಲ್ಲ. ಇನ್ನೊಂದು ಬಡ್ಡಿ. ಅನುದಾನದ ಮೇಲೆ ಬಂದ ಬಡ್ಡಿ ಯೋಜನೆಯದ್ದಲ್ಲ. ಲೆಕ್ಕ ಅಂತಿಮವಾದ ಕೂಡಲೇ ಅದನ್ನು ಸರ್ಕಾರಕ್ಕೆ ಹಣ ಕಟ್ಟುವ ಜಾಲತಾಣವಾದ ಭಾರತಕೋಶದ ಮೂಲಕ ಕೇಂದ್ರದ ಖಾತೆಗೆ ಕಟ್ಟಿ ರಶೀದಿ ಲಗತ್ತಿಸಬೇಕು. ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಲ್ಲಿ ಯೋಜನೆಯ ಹಣ ಬೆರೆತರೆ ಆ ಬಡ್ಡಿಯನ್ನು ಬಿಡಿಸಿ ತೆಗೆಯುವುದೇ ದೊಡ್ಡ ತಲೆನೋವು.

ಈಗ ಫೈಲುಗಳ ವಿಷಯ. ಹೊಸ ಹುಡುಗರು ಮೊದಲು ಎಡವುವುದು ಹೆಸರಿನಲ್ಲೇ. ಇನ್ಸಾಟ್ ಫೈಲಿನ ಹೆಸರಲ್ಲಿ ತಾರೀಖು ಮೊದಲು, ಆಮೇಲೆ ಇಂಗ್ಲಿಷಿನ ಮೂರಕ್ಷರದಲ್ಲಿ ತಿಂಗಳು, ಕೊನೆಗೆ ವರ್ಷ. ಅಕ್ಷರಕ್ರಮದಲ್ಲಿ ಜೋಡಿಸಿದರೆ ಏಪ್ರಿಲ್ 1 ಜನವರಿ 1ಕ್ಕಿಂತ ಮುಂದೆ ನಿಲ್ಲುತ್ತದೆ, ಜನವರಿ 2 ಎಲ್ಲೋ ಹಿಂದೆ ಇರುತ್ತದೆ. ಪ್ರೋಗ್ರಾಮ್ ದೂರದೆ ಓಡುತ್ತದೆ, ಗ್ರಾಫ್ ಮಾತ್ರ ಅರ್ಥವಿಲ್ಲದ್ದು. ಹೆಸರಿನಿಂದ ದಿನಾಂಕ ಹೊರತೆಗೆದು ಅದರ ಮೇಲೆ ಜೋಡಿಸಿ.

ಚಿತ್ರದಲ್ಲಿರುವುದು ತಾಪಮಾನವಲ್ಲ, 10 ಬಿಟ್ ಎಣಿಕೆ. ಅದೇ ಫೈಲಿನಲ್ಲಿ ಪ್ರತಿ ಚಾನೆಲ್‌ಗೂ 1024 ಸಾಲಿನ ಕೋಷ್ಟಕವಿದೆ. ಎಣಿಕೆಯನ್ನು ಸೂಚ್ಯಂಕವಾಗಿ ಬಳಸಿ ಅಲ್ಲಿಂದ ಕೆಲ್ವಿನ್ ತೆಗೆಯಬೇಕು. ಕೋಷ್ಟಕ ಸರಳರೇಖೆಯಲ್ಲ. ಎಣಿಕೆಗಳ ಸರಾಸರಿ ತೆಗೆದು ಆಮೇಲೆ ಪರಿವರ್ತಿಸಿದರೆ ಉತ್ತರ ತಪ್ಪು. ಮೊದಲು ಪರಿವರ್ತನೆ, ಆಮೇಲೆ ಸರಾಸರಿ. ಅಕ್ಷಾಂಶ ರೇಖಾಂಶಗಳೂ ಪೂರ್ಣಾಂಕದಲ್ಲಿರುತ್ತವೆ, 0.01ರಿಂದ ಗುಣಿಸಬೇಕು. ಭೂಮಿಯಾಚೆಯ ಪಿಕ್ಸೆಲ್‌ಗೆ 32767 ತುಂಬಿರುತ್ತಾರೆ. 327.67 ಡಿಗ್ರಿ ಅಕ್ಷಾಂಶ ಕಂಡರೆ ಆ ಪಿಕ್ಸೆಲ್‌ಗಳನ್ನು ಲೆಕ್ಕದಿಂದ ಹೊರಗಿಟ್ಟಿಲ್ಲವೆಂದೇ ಅರ್ಥ.

ನೆಲದ ಮಳೆಮಾಪಕದ ಜೊತೆ ಹೋಲಿಸುವಾಗ ಗಡಿಯಾರವೇ ಶತ್ರು. ಫೈಲಿನ ಸಮಯ ಯುಟಿಸಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ, ಅಂದರೆ 03:00 ಯುಟಿಸಿ. ಜುಲೈ 15ರ ಮಳೆ ಎಂದರೆ ಜುಲೈ 14ರ 03:00ರಿಂದ 15ರ 03:00ರವರೆಗಿನ 48 ಚಿತ್ರಗಳು. ಕ್ಯಾಲೆಂಡರ್ ದಿನದಂತೆ ಕೂಡಿದರೆ ಸಂಬಂಧಾಂಕ (ಎರಡು ಅಂಕಿಸಾಲುಗಳ ಹೊಂದಾಣಿಕೆಯ ಅಳತೆ) ಬೀಳುತ್ತದೆ, ಬೈಗುಳ ಉಪಗ್ರಹಕ್ಕೆ ಬೀಳುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ (ಕೆಎಸ್‌ಎನ್‌ಡಿಎಂಸಿ) ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕೊಡುತ್ತವೆ. ಅವುಗಳ ಜೊತೆ ಹೋಲಿಸಲು ಇನ್ನೂ ಸೂಕ್ಷ್ಮ ಲೆಕ್ಕ ಬೇಕು: ಪೂರ್ಣ ಚಿತ್ರ ತೆಗೆಯಲು ಇಮೇಜರ್‌ಗೆ ಸುಮಾರು 26 ನಿಮಿಷ ಹಿಡಿಯುತ್ತದೆ, ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ಬರುವ ಅದು ನಮ್ಮ ಅಕ್ಷಾಂಶ ಮುಟ್ಟುವಾಗ ಹತ್ತು ನಿಮಿಷದ ಹತ್ತಿರ ಆಗಿರುತ್ತದೆ. ಸ್ಕ್ಯಾನ್ ಆರಂಭ ಮತ್ತು ಮುಕ್ತಾಯದ ಸಮಯ ಫೈಲಿನ ವಿವರಗಳಲ್ಲೇ ಇವೆ.

ಜಾಗವೂ ಸರಿಯುತ್ತದೆ. 82 ಡಿಗ್ರಿ ಪೂರ್ವದಿಂದ ಇನ್ಸಾಟ್-3ಡಿ ತೆಗೆದ ಚಿತ್ರಗಳಲ್ಲಿ ಶಿವಮೊಗ್ಗ ಕಡೆಯ ಮೋಡ ಓರೆಯಾಗಿ, ಸುಮಾರು 18 ಡಿಗ್ರಿ ಕೋನದಲ್ಲಿ ಕಾಣುತ್ತದೆ. ಮೋಡದ ತುದಿ 14 ಕಿ.ಮೀ. ಎತ್ತರದಲ್ಲಿದ್ದರೆ ಅದು ಚಿತ್ರದಲ್ಲಿ 4.5 ಕಿ.ಮೀ.ಗೂ ಹೆಚ್ಚು, ಅಂದರೆ ಒಂದು ಪಿಕ್ಸೆಲ್ಲಿಗಿಂತ ತುಸು ಜಾಸ್ತಿ, ವಾಯವ್ಯಕ್ಕೆ ಸರಿದು ಕಾಣುತ್ತದೆ. ಬಯಲುಸೀಮೆಯಲ್ಲಿ ಇದನ್ನು ಮರೆಯಬಹುದು, ಘಟ್ಟದ ನೆತ್ತಿಯಲ್ಲಿ ಆಗದು. ಅಲ್ಲಿ ಒಂದು ಪಿಕ್ಸೆಲ್ ಆಚೆಗೆ ಮಳೆ ತೀರ ಬೇರೆಯಾಗಿರಬಹುದು.

ಇಷ್ಟೆಲ್ಲ ತಿದ್ದಿದ ಮೇಲೂ ಆಗುಂಬೆ, ಹುಲಿಕಲ್ ಕಡೆಯ ಅಂದಾಜು ಕಡಿಮೆಯೇ ಬರುತ್ತದೆ. ಅವಕೆಂಪು ವಿಧಾನ ನಂಬುವುದು ಮೋಡದ ತುದಿಯ ತಂಪನ್ನು: ತಣ್ಣಗಿದ್ದಷ್ಟೂ ಮಳೆ ಹೆಚ್ಚೆಂದು ಲೆಕ್ಕ. ಜುಲೈ ಜಡಿಮಳೆಯ ಮೋಡ ಗುಡ್ಡಕ್ಕೆ ತಾಗಿ ತಗ್ಗಿನಲ್ಲೇ ನೀರು ಸುರಿಸುತ್ತದೆ, ತುದಿ ಬೆಚ್ಚಗೇ ಇರುತ್ತದೆ. ಇದನ್ನು ಪ್ರಗತಿ ವರದಿಯಲ್ಲಿ ಮುಚ್ಚಿಡಬೇಡಿ. ಪರಿಶೀಲನಾ ಸಭೆಯಲ್ಲಿ ಕೂರುವವರಿಗೆ ಇದು ಗೊತ್ತಿರುತ್ತದೆ. ಅವರು ಕೇಳುವುದು ಎಲ್ಲಿ, ಎಷ್ಟು, ಯಾವ ತಿಂಗಳಲ್ಲಿ ಎಂದು. ತಾಲ್ಲೂಕುವಾರು ಕೊರತೆಯ ಕೋಷ್ಟಕವೊಂದಿದ್ದರೆ ಮುಂದಿನ ಕಂತಿಗೆ ಅದೇ ಗಟ್ಟಿ ಆಧಾರ.

ಇನ್ಸಾಟ್-3ಡಿ (2013), 3ಡಿಆರ್ (2016), 3ಡಿಎಸ್ (2024) ಸರಣಿಗಳನ್ನು ಒಂದಕ್ಕೊಂದು ನೇರ ಅಂಟಿಸಬೇಡಿ. ಎರಡು ಉಪಗ್ರಹಗಳ ಡೇಟಾವೂ ಇರುವ ಅವಧಿಯಲ್ಲಿ ವ್ಯತ್ಯಾಸ ಅಳೆದು ತಿದ್ದಿದ ಮೇಲೆಯೇ ಜೋಡಣೆ. ಹಗಲು ರಾತ್ರಿ ಸಮವಾಗುವ ವಿಷುವತ್ತಿನ ಆಸುಪಾಸಿನ ವಾರಗಳಲ್ಲಿ ಉಪಗ್ರಹ ನಡುರಾತ್ರಿ ಭೂಮಿಯ ನೆರಳಿಗೆ ಹೋಗುವುದರಿಂದ ಆ ಹೊತ್ತಿನ ಚಿತ್ರಗಳನ್ನು ಕಣ್ಣಲ್ಲಿ ನೋಡಿಯೇ ಒಳಗೆ ಬಿಡಿ.

ಯೋಜನೆ ಮುಗಿಸುವಾಗ ಪ್ರೋಗ್ರಾಮ್, ಕತ್ತರಿಸಿ ನೆಟ್‌ಸಿಡಿಎಫ್ ಎಂಬ ನಮೂನೆಯಲ್ಲಿ ಉಳಿಸಿದ ಫೈಲುಗಳು, ಯಾವ ಮೂಲ ಫೈಲಿನ ಯಾವ ಆವೃತ್ತಿಯಿಂದ ಬಂದವೆಂಬ ಪಟ್ಟಿ ಒಂದೇ ಡಿಸ್ಕ್‌ನಲ್ಲಿ ಕೇಂದ್ರಕ್ಕೆ ಹೋಗಲಿ. ಯಂತ್ರಗಳನ್ನು ಆಸ್ತಿ ರಿಜಿಸ್ಟರಿಗೆ ಏರಿಸಿ. ಅನುದಾನದಲ್ಲಿ ಕೊಂಡದ್ದನ್ನು ಅನುಮತಿಯಿಲ್ಲದೆ ವಿಲೇವಾರಿ ಮಾಡುವಂತಿಲ್ಲ. ಜೆಆರ್‌ಎಫ್‌ನ ಕೊನೆಯ ತಿಂಗಳ ಸಂಬಳ, ಪ್ರಯಾಣದ ಬಿಲ್ಲು ಪಾವತಿಯಾದ ಮೇಲೆಯೇ ಅಂತಿಮ ಯು.ಸಿ. ಬರೆಸಿ. ಉಳಿದ ಹಣ ವಾಪಸ್ ಕಟ್ಟಿದ ರಶೀದಿಯ ಒಂದು ಪ್ರತಿ ವಿಭಾಗದ ಕಡತದಲ್ಲೂ ಇರಲಿ. ಲೆಕ್ಕ ತಪಾಸಣೆಯವರು ಬರುವುದು ಎಷ್ಟೋ ವರ್ಷಗಳ ಮೇಲೆ.