ಮೇಷ್ಟ್ರಿಗೆ ಮಾಡಿದ ದುಆ

ಸಂಜೆಯ ಮಗ್ರಿಬ್ ನಮಾಝ್ ಮುಗಿಸಿ ಹೊರಗೆ ಬಂದರೆ ನಮ್ಮ ಮಸೀದಿ ಬಾಗಿಲಲ್ಲಿ ದಿನಾ ಐದಾರು ತಾಯಂದಿರು ನಿಂತಿರುತ್ತಾರೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಮುಚ್ಚಳ ತೆಗೆದ ನೀರಿನ ಬಾಟಲಿ. ಕೂಸಿಗೆ ಜ್ವರ, ಹಾಲು ಕುಡಿಯಲ್ಲ, ರಾತ್ರಿ ಬೆಚ್ಚಿ ಬೀಳುತ್ತೆ. ಹೊರಗೆ ಬಂದವರು ಒಬ್ಬೊಬ್ಬರಾಗಿ ಬಗ್ಗಿ, ಮನಸ್ಸಲ್ಲೇ ಏನೋ ಓದಿ, ಊದಿ ಹೋಗುತ್ತಾರೆ. ಆ ತಾಯಂದಿರಲ್ಲಿ ಕುಂಕುಮ ಇಟ್ಟವರೇ ಜಾಸ್ತಿ. ದಾವಣಗೆರೆ ಹಳೇ ಪೇಟೆಯಲ್ಲಿ ಬೆಳೆದವನು ನಾನು. ಇಪ್ಪತ್ತು ವರ್ಷದಿಂದ ಊದುತ್ತಲೇ ಇದ್ದೇನೆ. ಇದು ಸರಿಯೋ ತಪ್ಪೋ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ್ದು ಪಕ್ಕದ ಮನೆ ಮೇಷ್ಟ್ರು. ನನಗೆ ಮಗ್ಗಿ ಕಲಿಸಿದವರು. ಲಿಂಗವಂತರು, ಲಿಂಗಪೂಜೆ ಆಗದೆ ಒಂದು ಲೋಟ ಕಾಫಿಯನ್ನೂ ಮುಟ್ಟದವರು. ಕಿಡ್ನಿ ಕೈಕೊಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಒಂದು ಸಂಜೆ ಕಟ್ಟೆ ಮೇಲೆ ಕೂತಿದ್ದವರು, ನಾನು ಟೋಪಿ ಹಾಕಿಕೊಂಡು ಹೊರಟಿದ್ದು ನೋಡಿ, “ಏನಪ್ಪಾ, ನಿಮ್ಮ ಸಾಹೇಬರ ಹತ್ರ ನಂದೂ ಒಂದು ಅರ್ಜಿ ಹಾಕು” ಅಂದರು. ನಗುತ್ತಲೇ ಅಂದರು, ಆದರೆ ಕಣ್ಣು ನಗುತ್ತಿರಲಿಲ್ಲ.

ಅವತ್ತು ರಾತ್ರಿ ಇಶಾ ನಮಾಝ್ ಆದಮೇಲೆ ಕೈ ಎತ್ತಿ ಅವರಿಗೋಸ್ಕರ ದುಆ ಮಾಡಿದೆ, ಅಂದರೆ ಅಲ್ಲಾಹನಲ್ಲಿ ಬೇಡಿದೆ. ಮನೆಯಲ್ಲಿ ಈ ಮಾತು ಬಂದಾಗ, ಮೊಬೈಲಲ್ಲಿ ಭಾಷಣ ಕೇಳಿ ಕೇಳಿ ಅರ್ಧ ಮೌಲ್ವಿಯಾಗಿರುವ ನನ್ನ ತಂಗಿ ಮಗ, “ಮಾಮಾ, ಅವರಿಗೆಲ್ಲ ದುಆ ಮಾಡಬಾರದು” ಅಂದುಬಿಟ್ಟ. ಸಿಟ್ಟು ಬಂತು. ಹಾಗೇ ಒಂದು ಸಣ್ಣ ಭಯವೂ ಹುಟ್ಟಿತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ನಮ್ಮ ಮಸೀದಿಯ ಗುರುಗಳಾದ ಹಝ್ರತ್ ಹತ್ತಿರ ಹೋದೆ. ಅವರು ನಕ್ಕು, “ದಿನಾ ಬಾಗಿಲಲ್ಲಿ ಊದೋನು ಈಗ ಕೇಳ್ತಿದ್ದೀಯಾ?” ಅಂದರು. ಆಮೇಲೆ ಅರಬರ ದೌಸ್ ಕುಲದ ಕಥೆ ಹೇಳಿದರು. ಆ ಕುಲದವರು ಮಾತು ಕೇಳುತ್ತಿಲ್ಲ, ಅವರಿಗೆ ಶಾಪ ಹಾಕಿ ಅಂತ ಅದೇ ಕುಲದ ತುಫೈಲ್ ಬಂದು ಕೇಳಿದಾಗ, ಪ್ರವಾದಿಯವರು (ಸ) “ಅಲ್ಲಾಹನೇ, ದೌಸ್‌ನವರಿಗೆ ದಾರಿ ತೋರಿಸು, ಅವರನ್ನು ಕರೆತಾ” ಅಂತ ಬೇಡಿದರಂತೆ. ಇನ್ನೊಂದು, ಚೇಳಿನ ಕಥೆ. ಪ್ರವಾದಿಯವರ ಸಂಗಡಿಗರಾದ ಸಹಾಬಿಗಳು ಪ್ರಯಾಣದಲ್ಲಿದ್ದಾಗ ಒಂದು ಕುಲದವರು ಊಟ ಹಾಕಲಿಲ್ಲ. ಅಷ್ಟರಲ್ಲಿ ಅವರ ಯಜಮಾನನಿಗೇ ಚೇಳು ಕಡಿಯಿತು. ಅದೇ ಸಹಾಬಿಗಳಲ್ಲೊಬ್ಬರು ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದಿ ಊದಿದರು, ಆತ ಎದ್ದು ಓಡಾಡಿದ, ಬದಲಿಗೆ ಕುರಿಗಳು ಸಿಕ್ಕವು. ಎರಡೂ ಪ್ರವಾದಿಯವರ ನಡೆನುಡಿಗಳ (ಹದೀಸ್) ಸಂಗ್ರಹವಾದ ಬುಖಾರಿಯಲ್ಲೇ ಇವೆ. ನಮ್ಮ ಮಸೀದಿ ಬಾಗಿಲಿನ ಊದುವಿಕೆಗೆ ಇಷ್ಟು ಹಳೇ ಬೇರಿದೆ ಅಂತ ನನಗೆ ಗೊತ್ತೇ ಇರಲಿಲ್ಲ. (ನಮಗೆ ಕುರಿಯಂತೂ ಯಾರೂ ಕೊಟ್ಟಿಲ್ಲ.)

13ನೇ ಶತಮಾನದ ಇಮಾಮ್ ನವವಿಯವರ ‘ಅಲ್-ಅಝ್ಕಾರ್’ ಪುಸ್ತಕ ತೆಗೆದು ಅದರಲ್ಲಿದ್ದುದನ್ನೂ ಬಿಡಿಸಿ ಹೇಳಿದರು. ಬೇರೆ ಧರ್ಮದವರಿಗೆ ಹಿದಾಯತ್, ಅಂದರೆ ಸರಿದಾರಿ, ಕೇಳಬಹುದು, ಆರೋಗ್ಯ ಕೇಳಬಹುದು, ಸುಖ ಕೇಳಬಹುದು. ಮಗ್ಫಿರತ್, ಅಂದರೆ ಪಾಪಕ್ಷಮೆ, ಅದನ್ನು ಮಾತ್ರ ಕೇಳುವಂತಿಲ್ಲ. ಆ ಕೊನೇ ಮಾತು ಅವತ್ತು ನನ್ನ ತಲೆಗೆ ಅಷ್ಟಾಗಿ ಹೋಗಲಿಲ್ಲ. ಮೇಷ್ಟ್ರು ಬದುಕಿದ್ದರಲ್ವಾ.

ಅಲ್ಲಿಂದ ಹನ್ನೊಂದು ತಿಂಗಳು ಒಂದೇ ಕ್ರಮ. ಸುನ್ನತ್ ನಮಾಝ್ ಆದಮೇಲೆ ಕೂತಲ್ಲೇ ಕೈ ಎತ್ತುವುದು. ಕಾಯಿಲೆಯವರಿಗೆ ಪ್ರವಾದಿಯವರು ಓದುತ್ತಿದ್ದ ದುಆ ಇದೆ: ಜನರ ಒಡೆಯನೇ, ಕಷ್ಟ ತೆಗೆ, ಗುಣ ಮಾಡು, ಗುಣ ಮಾಡುವವನು ನೀನೇ. ಅರಬ್ಬಿಯಲ್ಲಿ ‘ರಬ್ಬನ್ನಾಸ್’ ಅಂತಿದೆ. ಎಲ್ಲ ಜನರ ಒಡೆಯ. ಅಲ್ಲಿಗೆ ಬಂದಾಗ ಮೇಷ್ಟ್ರ ಮುಖ ತಂದುಕೊಳ್ಳುತ್ತಿದ್ದೆ. ಆಮೇಲೆ ನನ್ನ ಭಾಷೆಯಲ್ಲಿ, ಇವತ್ತು ಡಯಾಲಿಸಿಸ್ ಹೊತ್ತಲ್ಲಿ ಬಿಪಿ ಇಳಿಯದಿರಲಿ, ಸೂಜಿ ಚುಚ್ಚಿದ ಕೈ ಬಾತುಕೊಳ್ಳದಿರಲಿ ಅಂತ ಚಿಕ್ಕ ಚಿಕ್ಕದ್ದನ್ನೇ ಕೇಳುತ್ತಿದ್ದೆ. ದೊಡ್ಡದು ಕೇಳುವ ಧೈರ್ಯ ಬರುತ್ತಿರಲಿಲ್ಲ. ಬೆಳಿಗ್ಗೆ ಕಾಂಪೌಂಡ್ ಆಚೆಯಿಂದ ಮೇಷ್ಟ್ರು, “ಅರ್ಜಿ ಎಲ್ಲಿಗೆ ಬಂತಪ್ಪಾ?” ಅನ್ನುವರು. “ಟೇಬಲ್ ಮೇಲಿದೆ ಸಾರ್” ಅನ್ನುತ್ತಿದ್ದೆ.

ಒಂದು ಸೋಮವಾರ ಬೆಳಗಿನ ಜಾವ ಹೋಗಿಬಿಟ್ಟರು.

ಮಣ್ಣಿಗೆ ಹೋದೆ. ಲಿಂಗವಂತರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ನಮ್ಮಲ್ಲಿ ಮಲಗಿಸಿ. ವಿಭೂತಿ, ಪತ್ರೆ ಆದಮೇಲೆ ಒಬ್ಬೊಬ್ಬರೂ ಹಿಡಿ ಮಣ್ಣು ಹಾಕತೊಡಗಿದರು. ನಾನೂ ಬಗ್ಗಿ ಹಿಡಿ ತುಂಬಿಕೊಂಡೆ. ನಮ್ಮ ಖಬರ್‌ಸ್ತಾನದಲ್ಲಿ ಮೂರು ಹಿಡಿ ಹಾಕಿ ಹಾಕಿ ಅಭ್ಯಾಸವಾದ ಕೈ. ಕೈ ಎದ್ದ ಕೂಡಲೇ ‘ಅಲ್ಲಾಹನೇ, ಇವರನ್ನು ಕ್ಷಮಿಸು’ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ಅಲ್ಲೇ ನಿಂತಿತು. ಮಣ್ಣು ಮಾತ್ರ ಬಿತ್ತು.

ಮತ್ತೆ ಹಝ್ರತ್ ಹತ್ತಿರ ಹೋದೆ. ಈ ಸಲ ಅವರು ನಗಲಿಲ್ಲ. ಕುರ್‌ಆನಿನ 9:113 ತೆಗೆದರು. ಅಲ್ಲಾಹನ ಜೊತೆ ಬೇರೆಯವರನ್ನೂ ಸೇರಿಸಿ ಆರಾಧಿಸುವವರಿಗೆ, ನರಕದವರೆಂದು ಸ್ಪಷ್ಟವಾದ ಮೇಲೆ, ಹತ್ತಿರದ ನೆಂಟರಾದರೂ ಸರಿ, ಕ್ಷಮೆ ಬೇಡುವಂತಿಲ್ಲ ಅನ್ನುತ್ತದೆ ಅದು. ಪ್ರವಾದಿಯವರು ತಾಯಿಯ ಸಮಾಧಿಗೆ ಹೋಗಲು ಅನುಮತಿ ಕೇಳಿದಾಗ ಸಿಕ್ಕಿತು, ಅವರಿಗಾಗಿ ಕ್ಷಮೆ ಕೇಳಲು ಸಿಗಲಿಲ್ಲ. ಇದು ‘ಮುಸ್ಲಿಮ್’ ಅನ್ನುವ ಹದೀಸ್ ಸಂಗ್ರಹದಲ್ಲಿದೆ. ಯಾರು ಎಲ್ಲಿಗೆ ಅಂತ ನಮಗೆ ಸ್ಪಷ್ಟವಾಗುವುದಾದರೂ ಹೇಗೆ, ಹಾಗಾಗಿ ಈ ಮಾತು ಎಲ್ಲರಿಗೂ ಅನ್ವಯಿಸಲ್ಲ ಅಂತ ವಾದಿಸುವವರೂ ಇದ್ದಾರೆ. ಹಝ್ರತ್ ಅದನ್ನು ಒಪ್ಪುವುದಿಲ್ಲ. ನನಗೆ ಆ ವಾದ ಇಷ್ಟವಾಗುತ್ತೆ, ಆದರೆ ನನಗೆ ಇಷ್ಟವಾಯಿತು ಅನ್ನೋದೇ ಅದಕ್ಕೆ ಆಧಾರ ಆಗಲ್ಲ. ಹಾಗಾಗಿ ಆ ಒಂದು ಮಾತನ್ನು ಇವತ್ತಿಗೂ ನಾನು ಆಡುವುದಿಲ್ಲ. ಅದು ಹಗುರವಾಗಿದೆ ಅಂತಲೂ ಹೇಳಲ್ಲ.

“ಮನೆಯಲ್ಲಿ ಉಳಿದವರಿದ್ದಾರಲ್ಲ, ಅವರಿಗೆ ಕೇಳು. ಅದಕ್ಕೆ ಯಾರು ಬೇಡ ಅಂತಾರೆ?” ಅಂದರು ಹಝ್ರತ್. ಈಗ ಅದನ್ನೇ ಮಾಡುತ್ತಿದ್ದೇನೆ. ಮೇಷ್ಟ್ರಮ್ಮನ ಮಂಡಿ ನೋವಿಗೆ, ಅವರ ಒಂಟಿತನಕ್ಕೆ, ಮಗನ ಅಂಗಡಿ ಸಾಲಕ್ಕೆ.

ಆ ಮಗ ಒಂದು ದಿನ ನೇರವಾಗಿಯೇ ಕೇಳಿದ, “ಅಣ್ಣಾ, ಅಪ್ಪನಿಗೆ ಈಗಲೂ ದುಆ ಮಾಡ್ತೀರಾ?” ಅಂತ. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. “ಇದ್ದಾಗ ದಿನಾ ಮಾಡಿದೀನಿ. ಈಗ ನಿಮ್ಮೆಲ್ಲರಿಗೆ ಮಾಡ್ತೀನಿ” ಅಂದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಅರ್ಥವಾಯಿತೋ, ಬೇಜಾರಾಯಿತೋ, ಕೇಳಲಿಲ್ಲ. ಆಮೇಲೆ ಬೈಕ್ ಹತ್ತುತ್ತಾ, “ಹಂಗಾದ್ರೆ ನನ್ನ ಮಗನ ಪಿಯುಸಿ ಮ್ಯಾಥ್ಸಿಗೂ ಒಂದು ಹಾಕಿ” ಅಂದ.

“ಹಾಕ್ತೀನಿ, ಆದ್ರೆ ಮೊಬೈಲ್ ಕಿತ್ತಿಡು” ಅಂದೆ.