ಮೊದಲು ನಗು, ಆಮೇಲೆ ಕೆಮಿಸ್ಟ್ರಿ

ಹುಚ್ಚು ವಿಜ್ಞಾನಿ ಆಗಬೇಕಾದರೆ ಮೊದಲು ನಗು ಕಲಿಯಬೇಕು ಅಂತ ನಾನು ನಂಬಿದ್ದೆ. ಹತ್ತನೇ ವಯಸ್ಸಿಗೆ ಕೆಮಿಸ್ಟ್ರಿ ಸೆಟ್ ಕೈಗೆ ಬಂತು. ಡಬ್ಬ ಬಿಚ್ಚುವ ಮೊದಲೇ ಕನ್ನಡಿ ಮುಂದೆ ನಿಂತೆ. ಸಣ್ಣಗೆ ಶುರು ಮಾಡಿ, ಮೆಲ್ಲಗೆ ಏರಿಸಿ, ಕೊನೆಗೆ ಎರಡೂ ಕೈ ಎತ್ತಿ "ಮುಹಾಹಾಹಾ!" ಕೂದಲು ನೆಟ್ಟಗೆ ನಿಲ್ಲಲಿ ಅಂತ ನೀರು ಸವರಿಕೊಂಡೆ. ನಿಲ್ಲಲಿಲ್ಲ. ಅಪ್ಪನ ಬಿಳಿ ಅಂಗಿ ಮೊಣಕಾಲಿನವರೆಗೆ ಬರುತ್ತಿತ್ತು, ಅದೇ ಕೋಟು.

ಡಬ್ಬದಲ್ಲಿ ಪುಟ್ಟ ಸೀಸೆಗಳು, ನಾಲ್ಕು ಟೆಸ್ಟ್ ಟ್ಯೂಬ್, ಒಂದು ಸ್ಪಿರಿಟ್ ದೀಪ, ಲಿಟ್ಮಸ್ ಕಾಗದ, ಒಂದು ತೆಳ್ಳನೆಯ ಪುಸ್ತಕ. ಪುಸ್ತಕ ನೋಡಿ ಕೆಲಸ ಮಾಡುವವನನ್ನು ಯಾರು ಹುಚ್ಚ ಅಂತಾರೆ? ಪಕ್ಕಕ್ಕಿಟ್ಟೆ. ಎಲ್ಲ ಸೀಸೆಯಿಂದಲೂ ಒಂದೊಂದು ಚಿಟಿಕೆ ಒಂದೇ ಟ್ಯೂಬಿಗೆ ಸುರಿದೆ. ಲೋಕವನ್ನೇ ನಡುಗಿಸುವ ದ್ರಾವಣ ಬರಬೇಕಿತ್ತು. ಬಂದಿದ್ದು ಕಂದು ಕೆಸರು. ಹೊಗೆ ಇಲ್ಲ, ಗುಳುಗುಳು ಇಲ್ಲ. ನಗು ಅರ್ಧಕ್ಕೇ ನಿಂತಿತು. (ಏನೂ ಆಗದಿದ್ದದ್ದು ನನ್ನ ಪುಣ್ಯ. ಯಾರೂ ಹಾಗೆ ಮಾಡಬೇಡಿ.)

ಮುಂದಿನ ವಾರ ಗಂಧಕ ಮತ್ತು ಕಬ್ಬಿಣದ ಪುಡಿಯ ಸರದಿ. ಸುಮ್ನೆ ಬೆರೆಸಿದರೆ ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ಕಾಯಿಸಿದರೆ ಮಿಶ್ರಣ ಒಂದು ಹಂತದಲ್ಲಿ ಕೆಂಪಗಾಗುತ್ತದೆ, ದೀಪ ತೆಗೆದರೂ ಆ ಕೆಂಪು ತಾನಾಗಿ ಮುಂದಕ್ಕೆ ಹರಿಯುತ್ತದೆ. ಕೊನೆಗೆ ಉಳಿಯುವ ಕರಿ ಉಂಡೆಗೆ ಅಯಸ್ಕಾಂತದ ಹಂಗಿಲ್ಲ. ಇಲ್ಲಿಗೆ ನಿಲ್ಲಿಸಬೇಕಿತ್ತು. ಅದರ ಮೇಲೆ ಎರಡು ಹನಿ ಆಮ್ಲ ಬಿಟ್ಟೆ. ಕೊಳೆತ ಮೊಟ್ಟೆಯ ವಾಸನೆ ಮನೆಯಿಡೀ ಹಬ್ಬಿತು. "ಲೋ, ಅಲ್ಲೇನು ಸತ್ತಿದೆಯೋ?" ಅಂತ ಅಕ್ಕ ಕೂಗಿದಳು. ಆ ವಾಸನೆಯ ಅನಿಲ ಹೈಡ್ರೋಜನ್ ಸಲ್ಫೈಡ್, ಅದು ವಿಷ ಅಂತ ಆಗ ಗೊತ್ತಿರಲಿಲ್ಲ, ಅವತ್ತು ಕಾಪಾಡಿದ್ದು ತೆರೆದ ಕಿಟಕಿ. ಸ್ಪಿರಿಟ್ ದೀಪ ಅಮ್ಮನ ಬೀರು ಸೇರಿತು.

ದೀಪ ಹೋದ ಮೇಲೆಯೇ ನಾನು ಪುಸ್ತಕ ತೆರೆದದ್ದು. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಹರಳು ಬೆಳೆಸುವ ಪುಟ ಸಿಕ್ಕಿತು. ತಣ್ಣಗಿನ 100 ಮಿಲಿ ನೀರಿನಲ್ಲಿ ಸುಮಾರು 30 ಗ್ರಾಂ ಮೈಲುತುತ್ತ ಕರಗುತ್ತದೆ. ನೀರು ಕುದಿಯುವ ಹತ್ತಿರಕ್ಕೆ ಬಂದರೆ ಅದರ ಎರಡು ಪಟ್ಟಿಗೂ ಜಾಸ್ತಿ. ತಣಿಯುವಾಗ ಹೆಚ್ಚಾದದ್ದನ್ನು ನೀರು ಬಿಟ್ಟುಕೊಡಲೇಬೇಕಲ್ವಾ? ಹಾಗೆ ತಳದಲ್ಲಿ ಕೂತ ಹರಳುಗಳಲ್ಲಿ ಅಂಚು ಚೂಪಾಗಿರುವ ಒಂದನ್ನು ಆರಿಸಿ, ದಾರ ಕಟ್ಟಿ, ಸೋಸಿದ ದ್ರಾವಣದಲ್ಲಿ ಇಳಿಬಿಡಬೇಕು.

ನನ್ನ ಮೊದಲ ಹರಳು ಬೆಳಗಾಗುವಷ್ಟರಲ್ಲಿ ಮಾಯ. ಬರೀ ದಾರ ನೇತಾಡುತ್ತಿತ್ತು. ದ್ರಾವಣ ಇನ್ನೂ ಹಸಿದಿತ್ತು, ಹರಳನ್ನೇ ತಿಂದುಬಿಟ್ಟಿತ್ತು. ಎರಡನೆಯದು ಗಂಟಿನಿಂದ ಜಾರಿ ಬಿತ್ತು. ಮೂರನೆಯದಕ್ಕಿಂತ ಜಾಸ್ತಿ ಹರಳು ದಾರದ ನಾರಿಗೇ ಮೆತ್ತಿಕೊಂಡವು. ಆಮೇಲೆ ನುಣುಪಾದ ನೈಲಾನ್ ಎಳೆ ಹುಡುಕಿದೆ, ಲೋಟದ ಬಾಯಿಗೆ ಕಾಗದ ಮುಚ್ಚಿದೆ, ಮುಟ್ಟದೆ ಬಿಟ್ಟೆ. ಮುಟ್ಟದೆ ಇರುವುದೇ ಕಷ್ಟದ ಕೆಲಸ. ಮೂರು ವಾರಕ್ಕೆ ಹೆಬ್ಬೆರಳಿನ ಉಗುರಿನಷ್ಟು ಹರಳು ಬಂತು. ಓರೆಯಾಗಿ ತಳ್ಳಿದ ಪೆಟ್ಟಿಗೆಯ ಆಕಾರ, ಗಾಜಿನಂಥ ಮೈ, ಕಡು ನೀಲಿ. ಅವತ್ತು ನಗುವುದೇ ಮರೆತುಹೋಗಿತ್ತು.

ದೀಪ ವಾಪಸ್ ಸಿಕ್ಕಿದ ದಿನ ಹಳೇ ಹುಚ್ಚು ಕೆರಳಿತು. ಹರಳಿನ ಒಂದು ಚೂರು ಮುರಿದು ಟ್ಯೂಬಿನಲ್ಲಿ ಕಾಯಿಸಿದೆ. ಚಟಪಟ ಅಂದಿತು. ಟ್ಯೂಬಿನ ಬಾಯಿ ಹತ್ತಿರ ನೀರಿನ ಹನಿ ಕೂತವು. ಒಣ ಹರಳಿನಿಂದ ನೀರು! ನೀಲಿ ಹೋಗಿ ಬೂದಿ ಬಿಳಿ ಪುಡಿ ಉಳಿಯಿತು. ಹಾಳಾಯಿತು ಅಂದುಕೊಂಡೆ. ಟ್ಯೂಬ್ ತಣ್ಣಗಾದ ಮೇಲೆ ತೊಳೆಯೋಣ ಅಂತ ಒಂದು ಹನಿ ನೀರು ಬಿಟ್ಟೆ, ಬಿದ್ದ ಜಾಗದಿಂದ ನೀಲಿ ಹರಡಿತು. ಬೆರಳಿಗೆ ಟ್ಯೂಬ್ ಬೆಚ್ಚಗೆ ಹತ್ತಿತು. ತಾಮ್ರದ ಸಲ್ಫೇಟಿನ ಒಂದೊಂದು ಘಟಕವೂ ಐದು ನೀರಿನ ಅಣುಗಳನ್ನು ಹಿಡಿದುಕೊಂಡಿರುತ್ತದೆ, ಬಣ್ಣ ಇರುವುದು ಆ ನೀರಿನ ಸಹವಾಸದಿಂದ ಅಂತ ಕಾಲೇಜಿನಲ್ಲಿ ಓದಿದಾಗ ನನ್ನ ಬೆರಳಿಗೆ ಅದು ಮೊದಲೇ ಗೊತ್ತಿತ್ತು.

ನಮ್ಮ ಸೆಟ್ಟೇ ಅಪಾಯ ಅಂತೀರಾ? ಅಮೆರಿಕದಲ್ಲಿ 1950ರ ಹೊತ್ತಿಗೆ ಎ. ಸಿ. ಗಿಲ್ಬರ್ಟ್ ಕಂಪನಿ ಮಕ್ಕಳಿಗೆ ಮಾರಿದ ಅಣುಶಕ್ತಿ ಸೆಟ್ಟಿನಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರ್ ಜೊತೆ ಯುರೇನಿಯಂ ಅದಿರಿನ ಸೀಸೆಗಳೂ ಇದ್ದವು. ಅದರ ಮುಂದೆ ನನ್ನ ಕೊಳೆತ ಮೊಟ್ಟೆ ಏನು ಮಹಾ!

ಈಗ ಮಗಳ ಜೊತೆ ಮತ್ತೆ ಶುರು ಮಾಡಿದ್ದೇನೆ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ, ಅದಕ್ಕೇ ಪಟಿಕ ಆರಿಸಿಕೊಂಡೆವು. ಕಣ್ಣಿಗೆ ಕನ್ನಡಕ, ಅಡುಗೆಗೆ ಬಳಸದ ಲೋಟ, ಪ್ರತಿ ಸೀಸೆಗೂ ಚೀಟಿ. ನನ್ನ ಬಿಳಿ ಅಂಗಿ ಅವಳ ಮೈಮೇಲಿದೆ. ನಿನ್ನೆ ಎಳೆ ಇಳಿಬಿಟ್ಟು ಕಾಗದ ಮುಚ್ಚಿ, ಎರಡೂ ಕೈ ಎತ್ತಿ ನನ್ನ ಮುಖ ನೋಡಿದಳು.

"ಅಪ್ಪಾ, ಈಗ ನಗಬಹುದಾ?"

"ತಾಳು ಪುಟ್ಟಿ, ಇನ್ನೂ ಎರಡು ವಾರ ಇದೆ."